ಯಾರೂ ನೋಡುವುದಿಲ್ಲ ಎಂದವರಿಗೆ

ನಾನು ಕೆಲಸ ಮಾಡಿದ ಟಿವಿ ಕೇಂದ್ರವನ್ನು ಕೊನೆಗಾಲದಲ್ಲಿ ಯಾರೂ ನೋಡುತ್ತಿರಲಿಲ್ಲವೆಂದು ಕಚೇರಿಯ ಕಾಗದದಲ್ಲಿ ಬರೆದಿದೆ. ಅದು ಸುಳ್ಳು. ಬರೆದವರು ಗಟ್ಟಿಮುಟ್ಟಾಗಿದ್ದಾರೆ, ನಾನೂ ಗಟ್ಟಿಯಾಗಿದ್ದೇನೆ. ಅವರು ಬರೆಯಬಹುದಾದರೆ ನಾನೇಕೆ ಬರೆಯಬಾರದು ಎಂದು ಈ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಕುಳಿತಿದ್ದೇನೆ.

ಈಗ ಇಂಥ ಕೆಲಸಗಳಿಗೆ ಸೇರುವ ಹುಡುಗ ಹುಡುಗಿಯರು ಎಲ್ಲಾದರೂ ಸಿಕ್ಕರೆ, "ಅಲ್ಲಿ ಏನ್ ಮಾಡತಿದ್ರಿ ಮೇಡಂ? ಬರೇ ಸ್ವಿಚ್ ಹಾಕೂದು, ತಗಿಯೂದು ಅಲ್ಲೇನ್ರಿ?" ಎಂದು ಕೇಳುತ್ತಾರೆ. ಹೌದಪ್ಪಾ, ಹಾಕುವುದು, ತೆಗೆಯುವುದು. ಡಾಕ್ಟರೂ ಸೂಜಿ ಚುಚ್ಚುತ್ತಾರೆ, ತೆಗೆಯುತ್ತಾರೆ. ಯಾವಾಗ ಚುಚ್ಚಬೇಕು, ಯಾರಿಗೆ ಚುಚ್ಚಬೇಕು ಎನ್ನುವುದರಲ್ಲಿ ಕೆಲಸ ಇರುತ್ತದೆ. ಬಡ್ತಿ ಎಂದು ಬಂತು, ಯಾವ ಸಾಹೇಬರು ಬೆನ್ನು ತಟ್ಟಿದರು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಬೇಕಿಲ್ಲ, ನನಗೂ ನೆನಪಿಲ್ಲ.

ಕುಷ್ಟಗಿ ಊರು ದಾಟಿದರೆ ಒಂದು ಬೋಳು ದಿಬ್ಬ. ಅದರ ಮೇಲೆ ಎರಡು ಕೋಣೆಯ ಕಟ್ಟಡ, ಪಕ್ಕದಲ್ಲಿ ಕಬ್ಬಿಣದ ಟವರ್, ಅಂಗಳದಲ್ಲಿ ಆಕಾಶಕ್ಕೆ ಮುಖ ಮಾಡಿದ ಜಾಲರಿಯ ದೊಡ್ಡ ಛತ್ರಿ. ದೆಹಲಿಯಿಂದಲೋ ಬೆಂಗಳೂರಿನಿಂದಲೋ ಉಪಗ್ರಹಕ್ಕೆ ಹೋಗಿ ಬಂದ ಕಾರ್ಯಕ್ರಮವನ್ನು ಛತ್ರಿಯಲ್ಲಿ ಹಿಡಿಯುವುದು, ಒಳಗಿನ ಟ್ರಾನ್ಸ್‌ಮಿಟರಿನಲ್ಲಿ ಅದಕ್ಕೆ ಬಲ ತುಂಬುವುದು, ಟವರಿನಿಂದ ಸುತ್ತಲ ಊರುಗಳಿಗೆ ಬಿಡುವುದು. ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರ ಎಂದು ಅದರ ಹೆಸರು. ಮನೆಯ ಮೇಲೆ ಬಿದಿರಿಗೆ ಅಂಟೆನಾ ಕಟ್ಟಿಕೊಂಡವರಿಗೆಲ್ಲ ಕುಷ್ಟಗಿಯಲ್ಲಿ, ಸುತ್ತಲ ಹಳ್ಳಿಗಳಲ್ಲಿ ನಾವು ಬಿಟ್ಟದ್ದು ಕಾಣುತ್ತಿತ್ತು. ನಮ್ಮದೆನ್ನುವ ಒಂದು ಮಾತನ್ನೂ ಅದರಲ್ಲಿ ಸೇರಿಸುವಂತಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಹೇಳಿಕೊಟ್ಟ ಮೊದಲ ನಿಯಮವೇ ಅದು.

ಜನಕ್ಕೆ ಇದೆಲ್ಲ ಎಲ್ಲಿ ಗೊತ್ತು? ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ, "ಟಿವಿ ಅಕ್ಕಾರ, ಈ ವಾರ ಛಲೋ ಪಿಚ್ಚರ್ ಹಾಕ್ರಿ, ಹ್ವಾದ ವಾರದ್ದು ಬರೇ ಅಳೂದ ಆತು" ಎನ್ನುತ್ತಿದ್ದರು. ತವರು ಗಂಗಾವತಿಯಲ್ಲಿ ಮದುವೆಗೆ ಹೋದರೆ ಕಾಲುವೆ ಭಾಗದ ತೆಲುಗಿನವರು "ಮಾ ತೆಲುಗು ಸಿನಿಮಾ ಎಪ್ಪುಡು ವೇಸ್ತಾರು?" ಎಂದು, ತಮ್ಮ ಸಿನಿಮಾ ಯಾವಾಗ ಹಾಕುತ್ತೀರೆಂದು, ಊಟದೆಲೆಯ ಮುಂದೆಯೇ ಹಿಡಿಯುತ್ತಿದ್ದರು. ಅದು ನನ್ನ ಕೈಯಲ್ಲಿಲ್ಲ ಎಂದರೆ ನಂಬುತ್ತಿರಲಿಲ್ಲ. ನೌಕರಿ ಸಿಕ್ಕ ಮೇಲೆ ರಜಿಯಾಗೆ ಸೊಕ್ಕು ಬಂದಿದೆ ಎಂದುಕೊಂಡರು. ಅಂದುಕೊಳ್ಳಲಿ ಬಿಡಿ.

ಹೌದು, ನನ್ನ ಹೆಸರು ರಜಿಯಾ. ಅಬ್ಬಾ ಗಂಗಾವತಿಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿ ಈ ಕೆಲಸ ಹಿಡಿದೆ. ಬತ್ತದ ಗದ್ದೆಯ ಊರಿನಿಂದ ಹೊರಟು, ಹಿಟ್ನಾಳ ಕ್ರಾಸಿನಲ್ಲಿ ಬಸ್ಸು ಬದಲಿಸಿ ಕುಷ್ಟಗಿಗೆ ಬಂದಿಳಿದರೆ ಕಣ್ಣಿಗೆ ಕಂಡದ್ದು ಎರೆಹೊಲ, ಜೋಳ, ಬಿಸಿಲು. ಅಮ್ಮಿ ಜೊತೆಗೆ ಬಂದಿದ್ದಳು. ಸುತ್ತ ನೋಡಿ, "ಇಲ್ಲಿ ಮಂದೀನ ಇಲ್ಲಲ್ಲ ಬೇಟಿ, ಟಿವಿ ಯಾರಿಗೆ ತೋರಸ್ತಿ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ನನ್ನ ನೌಕರಿಯಲ್ಲಿ ಮೊದಲು ಕೇಳಿದವಳು ಅವಳು. ಅವಳು ಮುಗ್ಧಳಾಗಿ ಕೇಳಿದಳು. ಆಮೇಲೆ ಕೇಳಿದವರು ಹಾಗಲ್ಲ.

ನಮ್ಮ ಸಾಹೇಬರು ಕುಲಕರ್ಣಿಯವರು. ಧಾರವಾಡದ ಕಡೆಯವರು, ಮೂಗಿನ ತುದಿಯಲ್ಲೇ ಕೋಪ. ಇನ್ನೊಬ್ಬ ಶರಣಪ್ಪ, ನನ್ನ ವಾರಗೆಯವನು. ಕಾವಲೂ ಅವನೇ, ಡೀಸೆಲ್ ಜನರೇಟರ್ ನೋಡಿಕೊಳ್ಳುವವನೂ ಅವನೇ. ಹೆಂಡತಿ ಈರವ್ವನೊಂದಿಗೆ ದಿಬ್ಬದ ಮೇಲೆಯೇ ಇದ್ದ. ಇನ್ನೂ ಕೆಲವರು ಬಂದು ಹೋದರು. ಈ ಕಥೆಗೆ ಇವರು ಸಾಕು.

ಸೇರಿದ ವರ್ಷವೇ ಟವರಿನ ತುದಿಯ ಕೆಂಪು ದೀಪ ಕೆಟ್ಟಿತು. ಹತ್ತಿ ಸರಿಮಾಡುವವನು ಹುಬ್ಬಳ್ಳಿಯಿಂದ ಬರಬೇಕು. ಇಂದು ಬರುತ್ತಾನೆ, ನಾಳೆ ಬರುತ್ತಾನೆ ಎಂದು ವಾರಗಳು ಹೋದವು. ನಾನು ಹತ್ತುತ್ತೇನೆಂದೆ.

"ಹುಚ್ಚಿಯೇನು? ಹೆಣ್ಮಗಳು ಟವರ್ ಹತ್ತಿದರ ನಾಳೆ ಊರಾಗ ನಾ ಹ್ಯಾಂಗ ಮಾರಿ ತೋರಸ್ಲಿ?" ಎಂದರು ಕುಲಕರ್ಣಿ.

"ಹತ್ತಾಕಿ ನಾನ್ರಿ ಸರ್. ನಿಮ್ಮ ಮಾರಿಗೆ ಏನಾಗೈತಿ?"

ಬೆಲ್ಟು ಕಟ್ಟಿಕೊಂಡು ಹತ್ತಿದೆ. ಕೆಳಗೆ ಶರಣಪ್ಪ ಅವನಿಗೆ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದ. ದೀಪ ಬದಲಿಸಿ ಒಮ್ಮೆ ಊರ ಕಡೆ ನೋಡಿದೆ. ಮಣ್ಣಿನ ಮಾಳಿಗೆಗಳು, ತಗಡಿನ ಮನೆಗಳು, ಆರ್‌ಸಿಸಿ ಮನೆಗಳು, ಎಲ್ಲದರ ಮೇಲೆ ಅಂಟೆನಾ. ಅಷ್ಟೂ ಅಂಟೆನಾಗಳು ನನ್ನ ಕಡೆಗೇ ಮುಖ ಮಾಡಿದ್ದವು. ಯಾವ ಓಣಿಯಿಂದ ನೋಡಿದರೂ ಆ ಕಡ್ಡಿಗಳೆಲ್ಲ ನಾನು ನಿಂತ ಜಾಗವನ್ನೇ ತೋರಿಸುತ್ತಿದ್ದವು. ನನಗೆ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ. ನಾವು ಯಾರಿಗೆ ಕೆಲಸ ಮಾಡುತ್ತೇವೆ ಎಂದು ಕಣ್ಣಾರೆ ಕಾಣುವ ಭಾಗ್ಯ ಎಷ್ಟು ನೌಕರರಿಗೆ ಸಿಗುತ್ತದೆ?

ಸುದ್ದಿ ನನಗಿಂತ ಮೊದಲು ಗಂಗಾವತಿ ಮುಟ್ಟಿತ್ತು. "ಕುಷ್ಟಗಿ ಮಂದಿಯೆಲ್ಲಾ ನಿನ್ನ ನೋಡ್ಯಾರಂತ!" ಎಂದು ಅಮ್ಮಿ ಹಣೆ ಬಡಿದುಕೊಂಡಳು. ನಾನೂ ಅವರನ್ನೆಲ್ಲ ನೋಡಿದೆ ಎಂದೆ. ಅಮ್ಮಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

ಈಗ ಸಂಡಿಗೆಯ ಪ್ರಸಂಗ ಹೇಳಬೇಕು. ಅದರಿಂದಲೇ ನಾನು ಈ ಕೆಲಸದ ಒಳಮರ್ಮ ಕಲಿತದ್ದು.

ಅಂಗಳದಲ್ಲಿ ಒಮ್ಮೆ ಎರಡು ಛತ್ರಿ ಇದ್ದವು. ಹೊಸದು ಬಂದಿತ್ತು, ಹಳೆಯದನ್ನು ಇನ್ನೂ ಸಾಗಿಸಿರಲಿಲ್ಲ. ಕೆಲಸವಿಲ್ಲದೆ ಅಂಗಾತ ಮಲಗಿದ ಅಷ್ಟು ಅಗಲದ ಬುಟ್ಟಿಯನ್ನು ಕಂಡರೆ ಯಾವ ಹೆಂಗಸಿನ ಕೈ ಸುಮ್ಮನಿರುತ್ತದೆ? ಈರವ್ವ ಅದರ ಮೇಲೆ ಪಂಚೆ ಹಾಸಿ ಸಂಡಿಗೆ ಹಾಕುತ್ತಿದ್ದಳು. ಕೋಳಿ ಕೆದರುವುದಿಲ್ಲ, ನಾಯಿ ಮುಟ್ಟುವುದಿಲ್ಲ, ದಿನವಿಡೀ ಬಿಸಿಲು. ಕುಲಕರ್ಣಿಯವರೂ ಕಂಡೂ ಕಾಣದಂತಿದ್ದರು, ಏಕೆಂದರೆ ಕರಿದ ಸಂಡಿಗೆಯಲ್ಲಿ ಅವರಿಗೂ ಪಾಲು ಬರುತ್ತಿತ್ತು. ಒಂದು ದಿನ ಹೊಸ ಛತ್ರಿ ಕೈಕೊಟ್ಟಿತು. ಗಡಿಬಿಡಿಯಲ್ಲಿ ಕೇಬಲ್ಲನ್ನು ಹಳೆಯದಕ್ಕೇ ಜೋಡಿಸಿದೆವು. ಈರವ್ವನಿಗೆ ಹೇಳುವುದನ್ನು ಮಾತ್ರ ಮರೆತೆವು.

ಮರುದಿನ ಕ್ರಿಕೆಟ್ ಪಂದ್ಯ. ಆಟ ಬಿಗಿಯಾದ ಹೊತ್ತಿಗೆ ಚಿತ್ರ ಹೋಯಿತು. ಪರದೆಯ ಮೇಲೆ ಬರೀ ಇರುವೆ, ಅಂದರೆ ಗಿಜಿಗುಡುವ ಕಪ್ಪು ಬಿಳುಪು ಚುಕ್ಕೆ. ಕುಲಕರ್ಣಿಯವರು ಒಂದು ಟ್ರಾನ್ಸ್‌ಮಿಟರ್ ಬಿಟ್ಟು ಇನ್ನೊಂದು ಹಾಕಿದರು, ರಿಸೀವರ್ ಬದಲಿಸಿದರು, ಕೇಬಲ್ ಕಿತ್ತು ಜೋಡಿಸಿದರು, ನನ್ನನ್ನು ಬೈದರು, ದೆಹಲಿಯನ್ನು ಬೈದರು. ಯಾರೂ ಹೊರಗೆ ಹೋಗಿ ನೋಡಲಿಲ್ಲ. ಕೊನೆಗೆ ನಾನು ಅಂಗಳಕ್ಕೆ ಬಂದರೆ ಛತ್ರಿಯ ತುಂಬ ಒದ್ದೆ ಪಂಚೆ, ಅದರ ಮೇಲೆ ಹಸಿ ಹಿಟ್ಟಿನ ಸಂಡಿಗೆ ಸಾಲು, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು. ಉಪಗ್ರಹದಿಂದ ಬಂದ ಆಟವೆಲ್ಲ ಈರವ್ವನ ಹಿಟ್ಟಿನಲ್ಲಿ ಇಂಗಿ ಹೋಗುತ್ತಿತ್ತು.

ಪಂಚೆ ತೆಗೆದೆವು, ಚಿತ್ರ ಬಂತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ದಿಬ್ಬದ ಅಂಚಿಗೆ ಬಂದು ಊರ ಕಡೆ ನೋಡಿದರೆ ಊರಿಗೆ ಊರೇ ಮಾಳಿಗೆ ಹತ್ತಿತ್ತು. ಗಂಡಸರು, ಹೆಂಗಸರು, ಮುದುಕರು ಬಿದಿರು ಹಿಡಿದು ತಿರುಗಿಸುತ್ತಿದ್ದಾರೆ. ಮೇಲಿನಿಂದ "ಬಂತೇನs?" ಎಂದು ಕೂಗು. ಒಳಗಿನಿಂದ "ಇಲ್ಲೋs, ಇನ್ನೊಂಚೂರು ತಿರುವು!" ಎಂದು ಮರುಕೂಗು. ನಮ್ಮ ಗೇಟಿಗೆ ಒಬ್ಬರೂ ಬಂದಿರಲಿಲ್ಲ. ಫೋನು ಒಂದು ಸಲವೂ ಸದ್ದು ಮಾಡಿರಲಿಲ್ಲ. ಯಾರೂ ನಮ್ಮನ್ನು ಅನುಮಾನಿಸಿಯೇ ಇರಲಿಲ್ಲ. ಗಾಳಿಗೆ ತಿರುಗಿರಬೇಕು, ಕಾಗೆ ಕೂತಿರಬೇಕು, ಮಂಗ ಜಗ್ಗಿರಬೇಕು, ಮೊನ್ನೆ ಬಟ್ಟೆ ಒಣಹಾಕುವಾಗ ಸೊಸೆ ಬಿದಿರು ಅಲುಗಿಸಿರಬೇಕು. ತಪ್ಪು ತಮ್ಮ ಅಂಟೆನಾದ್ದೇ ಎಂದು ಎಲ್ಲರೂ ನಂಬಿದ್ದರು. ಹಾಗೆ ತಿರುಗಿಸಿ ತಿರುಗಿಸಿ ಅರ್ಧ ಊರಿನ ಅಂಟೆನಾ ದಿಕ್ಕುಗೆಟ್ಟಿತ್ತು. ನಮ್ಮಿಂದ ಚಿತ್ರ ಸರಿಯಾಗಿ ಹೊರಟರೂ ಅವರಿಗೆ ಇರುವೆಯೇ ಕಾಣುತ್ತಿತ್ತು. ಶರಣಪ್ಪ ಸೈಕಲ್ ಹತ್ತಿ ಓಣಿ ಓಣಿಯಲ್ಲಿ "ಅಂಟೆನಾ ದಿಬ್ಬದ ಕಡಿ ತಿರುವ್ರೆಪ್ಪೋ!" ಎಂದು ಒದರಿ ಬಂದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಜನ ಅದರ ತದ್ವಿರುದ್ಧ. ನೆಲವೇ ಡೊಂಕಿದ್ದರೂ ತಮ್ಮ ಕಾಲನ್ನು ಬೈದುಕೊಳ್ಳುವವರು.

ಸಂಜೆ ಕುಲಕರ್ಣಿಯವರು ಕೋಪ ಇಳಿದು ಒಣಗದ ಸಂಡಿಗೆಯ ಹಿಟ್ಟನ್ನೇ ತಿನ್ನುತ್ತ ಕುಳಿತಿದ್ದರು. "ನೋಡು ರಜಿಯಾ," ಎಂದರು, "ಇನ್ನ ಮ್ಯಾಲ ಚಿತ್ರ ಹೋತಂದ್ರ ಮೀಟರ್ ನೋಡಿ ಸುಮ್ನ ಕೂಡಬ್ಯಾಡ. ಹೊರಗ ಬಂದು ಮಾಳಗಿ ನೋಡು. ಈ ಮಂದಿ ನಮ್ಮನ್ನ ಬೈಯೂದಿಲ್ಲ. ಅದಕ್ಕ ಅವರ ಪರವಾಗಿ ನಮ್ಮನ್ನ ನಾವ ಬೈಕೋಬೇಕು."

ಮಾಳಿಗೆ ನೋಡುವುದು ಅಂದಿನಿಂದ ನಮ್ಮ ಕೇಂದ್ರದ ಪದ್ಧತಿಯಾಯಿತು. ಯಾವ ಕೈಪಿಡಿಯಲ್ಲೂ ಅದಿಲ್ಲ. ಮಾಳಿಗೆಯ ಮೇಲೆ ಜನ ನಿಂತಿದ್ದರೆ ನಮ್ಮಲ್ಲಿ ಏನೋ ಕೆಟ್ಟಿದೆ. ಇಳಿದರೆ ಸರಿಹೋಗಿದೆ.

ಇನ್ನೊಂದು ಸಲ ಕುಲಕರ್ಣಿಯವರ ಜೊತೆ ಜೀಪಿನಲ್ಲಿ ಯಲಬುರ್ಗಾಕ್ಕೆ ಹೋಗಿದ್ದೆ. ನಮ್ಮ ಪ್ರಸಾರ ಎಲ್ಲಿಯವರೆಗೆ ಮುಟ್ಟುತ್ತದೆಂದು ಮೀಟರ್ ಹಿಡಿದು ಅಳೆಯುವ ಕೆಲಸ. ಯಲಬುರ್ಗಾ ನಮ್ಮ ಎಲ್ಲೆಯ ಹೊರಗೆ. ಅಲ್ಲಿ ಮೀಟರಿನ ಮುಳ್ಳು ಏಳಲೇ ಇಲ್ಲ. ಚಹಾ ಕುಡಿಯಲು ನಿಂತರೆ ಅಂಗಡಿಯವನು ಮೂರು ಬಿದಿರನ್ನು ಒಂದರ ತುದಿಗೆ ಒಂದು ಕಟ್ಟಿ, ಹಗ್ಗ ಬಿಗಿದು, ಮೇಲೆ ಅಂಟೆನಾ ನಿಲ್ಲಿಸಿದ್ದ. ಒಳಗೆ ಟಿವಿಯಲ್ಲಿ ಇರುವೆಗಳ ನಡುವೆ ಯಾರೋ ಸುದ್ದಿ ಓದುತ್ತಿದ್ದಾರೆ ಎಂದು ಕಿವಿಯಿಂದ ಮಾತ್ರ ಗೊತ್ತಾಗುತ್ತಿತ್ತು. ನಾವು ಕೇಂದ್ರದವರೆಂದು ತಿಳಿದೊಡನೆ ಅವನು ಕೈ ಮುಗಿದ.

"ನಿಮ್ದೇನೂ ತಪ್ಪಿಲ್ರಿ ಸಾಹೇಬ್ರ, ನಮ್ಮ ಬಂಬೂನ ಗಿಡ್ಡ ಆಗೈತಿ. ಮುಂದಿನ ಸಂತ್ಯಾಗ ಇನ್ನೊಂದು ತಂದು ಕಟ್ಟತೀನ್ರಿ" ಎಂದ.

ಕುಲಕರ್ಣಿಯವರ ಮುಖ ನೋಡುವ ಹಾಗಿರಲಿಲ್ಲ. ಹತ್ತು ಬಿದಿರು ಕಟ್ಟಿದರೂ ಅವನಿಗೆ ಸರಿಯಾಗಿ ಕಾಣುವಂತಿರಲಿಲ್ಲ. ಅವರು ಅದನ್ನೇ ಹೇಳಿದರು. ಅವನು ನಕ್ಕು, "ಇರಲಿ ತಗೋರಿ, ದನಿ ಕೇಳತೈತೆಲ್ಲ" ಎಂದ.

ಕಾಲ ಬದಲಾಯಿತು. ಮೊದಲು ಪಾಳಿಯ ಮೇಲೆ ಹಗಲಿಡೀ ಕುಳಿತು ಮೀಟರಿನ ಮುಳ್ಳು ಓದುತ್ತಿದ್ದೆವು. ಆಮೇಲೆ ತಾನೇ ಹೊತ್ತಿಕೊಂಡು ತಾನೇ ಆರುವ ಯಂತ್ರ ಬಂತು. ಕುಲಕರ್ಣಿಯವರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಊರಿಗೆ ಕೇಬಲ್ ಬಂತು, ನಂತರ ಗೋಡೆಗೆ ಅಂಟಿಸುವ ಸಣ್ಣ ಛತ್ರಿಗಳು ಬಂದವು. ನಾನು ಟವರಿನಿಂದ ಕಂಡಿದ್ದ ಅಂಟೆನಾಗಳು ಒಂದೊಂದೇ ಇಳಿದು ಗುಜರಿಗೆ ಹೋದವು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಎಲ್ಲವೂ ಇಳಿಯಲಿಲ್ಲ. ದಿಬ್ಬದ ಕೆಳಗಿನ ಜನತಾ ಮನೆಗಳಲ್ಲಿ ಉಳಿದವು. ಕ್ಷೌರದಂಗಡಿಯ ಮೇಲೆ ಉಳಿಯಿತು. ಹೊಲದ ನಡುವಿನ ಒಂಟಿ ಮನೆಗಳಲ್ಲಿ, ದಾಳಿಂಬೆ ತೋಟದ ಕಾವಲು ಗುಡಿಸಲುಗಳಲ್ಲಿ ಉಳಿದವು.

ಜನತಾ ಮನೆಯ ದುರಗವ್ವ ನನಗೆ ಚೆನ್ನಾಗಿ ಪರಿಚಯ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು, ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಒಬ್ಬಳೇ ಇರುವವಳು. ರೊಟ್ಟಿ ಬಡಿಯುವಾಗ ಎದುರಿಗೆ ಹಳೆಯ ಟಿವಿ ಹಚ್ಚಿರಬೇಕು. "ಸುದ್ದಿ ಹೇಳಾಕಿ ನನ್ನ ಕಡೇನ ನೋಡಿ ಹೇಳತಾಳ ಬೇ ಯಕ್ಕಾ, ಮನಿಯಾಗ ಮತ್ತ್ಯಾರು ನನ್ನ ಕೂಡ ಮಾತಾಡತಾರ?" ಎನ್ನುತ್ತಿದ್ದಳು. ಕೇಬಲ್ ಹಾಕಿಸಿಕೋ ಎಂದರೆ, "ಬಂದದ್ದ ಸಾಕು" ಎನ್ನುತ್ತಿದ್ದಳು.

ನನ್ನ ನಿವೃತ್ತಿ ಹತ್ತಿರವಾಗುವ ಹೊತ್ತಿಗೆ ಬೆಂಗಳೂರಿನಿಂದ ಮೂರ್ತಿ ಸಾಹೇಬರು ಬಂದರು. ಇಂಥ ಸಣ್ಣ ಕೇಂದ್ರಗಳನ್ನು ಇಡಬೇಕೋ ಮುಚ್ಚಬೇಕೋ ಎಂದು ವರದಿ ಕೊಡುವುದು ಅವರ ಕೆಲಸ. ಕೆಟ್ಟ ಮನುಷ್ಯರಲ್ಲ. ನಗುನಗುತ್ತ ಮಾತಾಡುವವರು, ಈರವ್ವನ ಚಹಾ ಹೊಗಳಿದವರು. ಆದರೆ ಬರುವಾಗಲೇ ಉತ್ತರ ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಹುಡುಕಲು ಬಂದಿದ್ದರು.

"ಒಂದು ಸಣ್ಣ ಪರೀಕ್ಷೆ ಮಾಡೋಣ ಮೇಡಂ. ಎರಡು ದಿನ ಆಫ್ ಮಾಡಿ. ಯಾರಾದ್ರೂ ಕೇಳಿದ್ರೆ ವೀಕ್ಷಕರಿದ್ದಾರೆ ಅಂತ. ಕೇಳದಿದ್ರೆ ಇಲ್ಲ ಅಂತ" ಎಂದರು.

"ಇಲ್ಲಿ ಮಂದಿ ಕೇಳೂದಿಲ್ರಿ ಸರ್" ಎಂದೆ.

"ಹಾಗಾದ್ರೆ ಇಲ್ಲ ಅಂತಲೇ ಆಯ್ತಲ್ಲ."

ಅವರ ಆದೇಶ, ಆಫ್ ಮಾಡಿದೆ. ಸಾಹೇಬರು ಫೋನಿನ ಎದುರು ಕುರ್ಚಿ ಹಾಕಿಕೊಂಡು ಕುಳಿತರು. ಅದು ಸದ್ದು ಮಾಡಲಿಲ್ಲ. ಎರಡನೆಯ ದಿನ ಸಂಜೆ ಕೈ ಚೆಲ್ಲಿ ನಕ್ಕರು. "ನೋಡಿದ್ರಾ ಮೇಡಂ? ಒಂದು ಫೋನ್ ಇಲ್ಲ. ಗೇಟ್ ಹತ್ರ ಒಂದು ನರಪಿಳ್ಳೆ ಇಲ್ಲ."

"ಗೇಟಿನ್ಯಾಗ ಹುಡುಕಿದರ ಎಲ್ಲಿ ಸಿಗತಾರ್ರಿ? ಮ್ಯಾಲ ಬರ್ರಿ, ತೋರಸ್ತೀನಿ" ಎಂದೆ. ಕಬ್ಬಿಣದ ಏಣಿ ಹತ್ತಿಸಿ ಅವರನ್ನು ಕಟ್ಟಡದ ತಾರಸಿಗೆ ಕರೆದೊಯ್ದೆ.

ಕೆಳಗೆ ಜನತಾ ಮನೆಗಳ ತಾರಸಿಯ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ನಿಂತು ಬಿದಿರು ತಿರುಗಿಸುತ್ತಿದ್ದರು. ಕ್ಷೌರದಂಗಡಿಯವನು ತಗಡಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ತಂತಿ ಉಜ್ಜುತ್ತಿದ್ದ. ದುರಗವ್ವ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಬಿದಿರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ತಿರುಗಿಸುತ್ತಿದ್ದಳು. ಆ ವಯಸ್ಸಿನಲ್ಲಿ, ಕಟ್ಟೆಯಿಲ್ಲದ ಆ ತಾರಸಿಯ ಅಂಚಿನಲ್ಲಿ. "ಬಂತೇನs?" ಎಂದು ಅವಳು ಕೂಗಿದ್ದು ನಮಗೂ ಕೇಳಿತು. ಪಕ್ಕದ ಮನೆಯವಳು "ಇಲ್ಲ ಬೇs!" ಎಂದಳು. ಅವಳು ಮತ್ತೆ ತಿರುಗಿಸಿದಳು. ನಾವು ಇಲ್ಲಿ ತಂಪಾಗಿ ಚಹಾ ಕುಡಿಯುತ್ತ ಆಫ್ ಮಾಡಿ ಕುಳಿತಿದ್ದೆವು, ಅವಳು ಎರಡು ದಿನದಿಂದ ತನ್ನ ಬಿದಿರಿನ ತಪ್ಪು ಹುಡುಕುತ್ತಿದ್ದಳು.

ಮೂರ್ತಿ ಸಾಹೇಬರು ಬಹಳ ಹೊತ್ತು ನೋಡಿದರು. ನಗು ಇರಲಿಲ್ಲ. ಆಮೇಲೆ ಹೇಳಿದರು, "ಇಷ್ಟೇ ಇಷ್ಟು ಜನಕ್ಕೆ ಇಡೀ ಕೇಂದ್ರ ನಡೆಸೋಕಾಗತ್ತಾ ಮೇಡಂ? ನೀವೇ ಹೇಳಿ."

"ಆಗೂದಿಲ್ಲಂದ್ರ ಆಗೂದಿಲ್ಲಂತ ಬರೀರಿ. ಸ್ವಲ್ಪ ಮಂದಿ ಅದಾರ, ಅವರ ಸಲುವಾಗಿ ನಡಸೂದು ನಮ್ಮಿಂದ ಆಗೂದಿಲ್ಲಂತ ಬರೀರಿ. ಯಾರೂ ಇಲ್ಲಂತ ಮಾತ್ರ ಬರೀಬ್ಯಾಡ್ರಿ."

"ಕೊನೆಗೆ ಎರಡೂ ಒಂದೇ ಅಲ್ವಾ?"

"ಅಲ್ರಿ! ಅಕಿ ನಿಮ್ಮ ಕಣ್ಣ ಮುಂದ ನಿಂತಾಳ. ನಿಂತಾಕೀನ ಇಲ್ಲಂತೀರೇನು?"

ಅವರು ಇಳಿದು ಹೋಗಿ ವರದಿ ಬರೆದರು. ಪ್ರಸಾರ ನಿಲ್ಲಿಸಿದ್ದ ಅವಧಿಯಲ್ಲಿ ಯಾವುದೇ ದೂರು ಬಂದಿರುವುದಿಲ್ಲ, ಆದ್ದರಿಂದ ವೀಕ್ಷಕರಿಲ್ಲವೆಂದು ತಿಳಿಯಬಹುದಾಗಿದೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಕೇಂದ್ರ ನೋಡಿಕೊಳ್ಳುವವಳೆಂದು ಕೆಳಗೆ ನನ್ನ ಸಹಿ ಬೇಕಿತ್ತು. ಹಾಕುವುದಿಲ್ಲವೆಂದೆ.

"ರಿಟೈರ್‌ಮೆಂಟ್ ಹತ್ರ ಇದೆ ನಿಮ್ಗೆ. ಸುಮ್ಮನೆ ಯಾಕೆ ಮೈಮೇಲೆ ಎಳ್ಕೋತೀರಾ?"

"ಹತ್ರ ಐತಂತನ ಧೈರ್ಯ ಬಂದೈತ್ರಿ" ಎಂದೆ.

ನನ್ನ ಸಹಿಯಿಲ್ಲದೆಯೇ ಕಾಗದ ಹೋಯಿತು. ಸರ್ಕಾರಿ ಕಾಗದಕ್ಕೆ ನಡೆಯಲು ಕಾಲು ಬೇಕಾದಷ್ಟಿರುತ್ತವೆ, ಒಂದು ಕಡಿಮೆಯಾದರೆ ಕುಂಟುವುದಿಲ್ಲ. ಅವರು ಹೋದೊಡನೆ ಟ್ರಾನ್ಸ್‌ಮಿಟರ್ ಹಚ್ಚಿ, ನಾನೇ ಜನತಾ ಮನೆಗಳಿಗೆ ಇಳಿದುಹೋದೆ. ದುರಗವ್ವನ ಅಂಟೆನಾ ಯಾವುದೋ ದಿಕ್ಕಿಗೆ ತಿರುಗಿತ್ತು. "ಬಂಬೂ ಸಡ್ಲಾಗಿತ್ತು ಬೇ ಯಕ್ಕಾ" ಎಂದಳು. ಇಲ್ಲ ದುರಗವ್ವ, ನಾವೇ ಬಂದ್ ಮಾಡಿದ್ದೆವು ಎಂದೆ. ಅವಳು ನಕ್ಕುಬಿಟ್ಟಳು. "ಸರಕಾರದ್ದು ಯಾಕ ಬಂದ್ ಆಗತೈತಿ? ನಿನಗ ನನ್ನ ಮ್ಯಾಲ ಮಾಯೆ ಭಾಳ, ಅದಕ್ಕ ಹಂಗಂತಿ."

ಮುಚ್ಚುವ ಆದೇಶ ಬಂದೇ ಬಂತು. ನನ್ನ ನೌಕರಿ ಇನ್ನೂ ಸ್ವಲ್ಪ ಉಳಿದಿತ್ತು, ಅದಕ್ಕೆ ಕೊಪ್ಪಳದಲ್ಲಿ ಒಂದು ಮೇಜು ತೋರಿಸಿದರು. ಮೇಜಿನ ಬಗ್ಗೆ ನನಗೆ ತಕರಾರಿಲ್ಲ. ಕೇಂದ್ರ ಮುಚ್ಚುವುದರ ಬಗ್ಗೆಯೂ ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡೆ, ಎಲ್ಲದಕ್ಕೂ ಒಂದು ಆಯುಷ್ಯವಿರುತ್ತದೆ. ನನ್ನನ್ನು ಕಾಡಿದ್ದು ಒಂದೇ. ಈ ಸಲ ಆರಿದ ಮೇಲೆ ಮತ್ತೆ ಹೊತ್ತುವುದಿಲ್ಲ. ಆ ಜನ ಮಾಳಿಗೆ ಹತ್ತುತ್ತಾರೆ. ವಾರಗಟ್ಟಲೆ ಬಿದಿರು ತಿರುಗಿಸುತ್ತಾರೆ, ಹೊಸ ಬಿದಿರು ತಂದು ಕಟ್ಟುತ್ತಾರೆ, ತಂತಿ ಬದಲಿಸುತ್ತಾರೆ, ಸೊಸೆಯನ್ನು ಬೈಯುತ್ತಾರೆ. ದುರಗವ್ವ ಆ ಅಂಚಿನಲ್ಲಿ ನಿಲ್ಲುತ್ತಾಳೆ. ಯಾರೂ ಅವರಿಗೆ ಹೇಳುವುದಿಲ್ಲ.

ಮೂರ್ತಿ ಸಾಹೇಬರಿಗೆ ಫೋನ್ ಮಾಡಿದೆ. ಕೇಂದ್ರ ಮುಚ್ಚುತ್ತದೆಂದು ಮೊದಲೇ ಒಂದು ಮಾತು ಬೆಂಗಳೂರಿನಿಂದ ಹೇಳಿಸಿರಿ, ಇಲ್ಲವೇ ನಮಗೆ ಹೇಳಲು ಬಿಡಿರಿ ಎಂದೆ.

"ಮೇಡಂ, ಯಾರಿಗೆ ಹೇಳೋದು? ವೀಕ್ಷಕರಿದ್ರೆ ತಾನೇ ಹೇಳೋದು? ಸುಮ್ನೆ ಆಫ್ ಮಾಡಿ, ಬೀಗ ಹಾಕಿ, ಕೀ ಕಳ್ಸಿ."

ಫೋನಿಟ್ಟು ಶರಣಪ್ಪನ ಕಡೆ ತಿರುಗಿದೆ. "ನಿಮ್ಮ ಬೀಗರ ಮೈಕಿನ ಅಂಗಡಿ ಐತೆಲ್ಲ, ಒಂದು ಮೈಕು ಇಸ್ಕೊಂಡು ಬಾ."

"ಯಾಕ್ರಿ ಅಕ್ಕಾರ?"

"ಮಾತಾಡಾಕ."

ಅವನು ನನ್ನ ಮುಖ ನೋಡಿದ, ನಿಯಮ ಅವನಿಗೂ ಗೊತ್ತಿತ್ತು. "ನೌಕರಿ ಹೋದೀತ್ರಿ" ಎಂದ. ಹೋದರೆ ಹೋಗಲಿ, ಅದನ್ನು ಹುಡುಕಲು ನಾನೇನೂ ಮಾಳಿಗೆ ಹತ್ತುವುದಿಲ್ಲ ಎಂದೆ. ಅವನು ಸೈಕಲ್ ತೆಗೆದ.

ಕೊನೆಯ ದಿನ ಸಂಜೆ, ಇನ್ನೂ ಬೆಳಕಿದ್ದಾಗ, ಕನ್ನಡ ಸುದ್ದಿ ಮುಗಿದ ಕೂಡಲೇ ಬೆಂಗಳೂರಿನಿಂದ ಬರುವ ಚಿತ್ರ ತೆಗೆದು, ಪರೀಕ್ಷೆಗೆ ಇಟ್ಟಿದ್ದ ಬಣ್ಣದ ಪಟ್ಟಿಗಳನ್ನು ಹಾಕಿದೆ. ಮೈಕಿನ ತಂತಿಯನ್ನು ಟ್ರಾನ್ಸ್‌ಮಿಟರಿಗೆ ಜೋಡಿಸಿದೆ. ನಮ್ಮ ಕೇಂದ್ರ ಹುಟ್ಟಿದಾಗಿನಿಂದ ತನ್ನದೆಂದು ಆಡಿದ ಮಾತು ಇಷ್ಟೇ:

"ಎಲ್ಲಾರಿಗೂ ನಮಸ್ಕಾರ್ರಿ. ನಾನು ದಿಬ್ಬದ ಮ್ಯಾಲಿನ ಟಿವಿ ಅಕ್ಕಾರು, ರಜಿಯಾ, ಮಾತಾಡಾಕತ್ತೀನಿ. ಇವತ್ತಿಗೆ ನಮ್ಮ ಕೇಂದ್ರ ಬಂದ್ ಆಗತೈತ್ರಿ. ಇನ್ನ ಸ್ವಲ್ಪ ಹೊತ್ತಿಗೆ ನಿಮ್ಮ ಟಿವಿಯಾಗ ಬರೇ ಇರಿವಿ ಬರ್ತಾವ. ಅಂಟೆನಾ ತಿರುವಬ್ಯಾಡ್ರಿ. ಮಾಳಗಿ ಹತ್ತಬ್ಯಾಡ್ರಿ. ನಿಮ್ಮ ಬಂಬೂ ನೆಟ್ಟಗ ಐತ್ರಿ, ತಂತಿ ಛಲೋ ಐತ್ರಿ. ನಿಮ್ಮದೇನೂ ತಪ್ಪಿಲ್ಲ. ಬಂದ್ ಮಾಡಿದವ್ರು ನಾವು. ದುರಗವ್ವ, ನೀ ಅಂತೂ ಹತ್ತಲೇಬ್ಯಾಡ. ಇಷ್ಟು ವರ್ಷ ನಮ್ಮ ಕಡಿ ಮುಖ ಮಾಡಿದ್ರಿ, ಭಾಳ ಉಪಕಾರ ಆತು."

ಎಲ್ಲರಿಗೂ ಮುಟ್ಟಲೆಂದು ಇದನ್ನೇ ಮತ್ತೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಆಮೇಲೆ ಸ್ವಿಚ್ಚು ತೆಗೆದೆ. ಒಳಗಿನ ಫ್ಯಾನುಗಳು ನಿಂತವು. ಶರಣಪ್ಪ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. ನಾನೂ ಅತ್ತೆ.

ಇಬ್ಬರೂ ತಾರಸಿ ಹತ್ತಿದೆವು. ಜನತಾ ಮನೆಗಳ ಮೇಲೆ ಯಾರೂ ಇಲ್ಲ. ಕ್ಷೌರದಂಗಡಿಯ ತಗಡಿನ ಮೇಲೆ ಯಾರೂ ಇಲ್ಲ. ದುರಗವ್ವನ ಬಿದಿರು ನಮ್ಮ ಕಡೆಗೇ ನೆಟ್ಟಗೆ ನಿಂತಿತ್ತು, ಅದರ ಬುಡದಲ್ಲಿ ಅವಳಿರಲಿಲ್ಲ. ಹೊತ್ತು ಮುಳುಗುವವರೆಗೆ ಕಾದೆವು.

"ಒಬ್ಬರೂ ಹತ್ತಲಿಲ್ಲಲ್ರಿ ಅಕ್ಕಾರ" ಎಂದ ಶರಣಪ್ಪ.

"ಹೂಂ" ಎಂದೆ. "ಎಲ್ಲಾರೂ ಕೇಳ್ಯಾರ."

ಇದು ತಪ್ಪೊಪ್ಪಿಗೆಯಲ್ಲ. ಈ ಕೆಲಸಕ್ಕೆ ಬರುವ ಮಕ್ಕಳೇ, ಇಂಥ ಸಂದರ್ಭ ಬಂದರೆ ನೀವೂ ಹೀಗೆಯೇ ಮಾಡಿ ಎಂದು ಬರೆಯುತ್ತಿದ್ದೇನೆ. ಸುದ್ದಿ ಬೆಂಗಳೂರಿಗೆ ಮುಟ್ಟಿತು. ಕೊಪ್ಪಳದ ಮೇಜಿಗೆ ನೋಟಿಸು ಬಂತು. ಅನುಮತಿಯಿಲ್ಲದೆ ಘೋಷಣೆ ಮಾಡಿ ವೀಕ್ಷಕರನ್ನು ಗೊಂದಲಕ್ಕೀಡುಮಾಡಿದ್ದೀರಿ, ನಿಮ್ಮ ಮೇಲೆ ಕ್ರಮವನ್ನೇಕೆ ಕೈಗೊಳ್ಳಬಾರದು ಎಂದು ಕೇಳಿದ್ದರು. ನಾನು ಅದನ್ನು ಎರಡು ಸಲ ಓದಿ, ಚಹಾ ತರಿಸಿಕೊಂಡು, ಉತ್ತರ ಬರೆದೆ. ವೀಕ್ಷಕರೇ ಇಲ್ಲವೆಂದು ತಾವು ಕೇಂದ್ರ ಮುಚ್ಚಿರುತ್ತೀರಿ. ಗೊಂದಲಕ್ಕೀಡಾದ ವೀಕ್ಷಕರು ಯಾರೆಂದು ದಯವಿಟ್ಟು ತಿಳಿಸಿದಲ್ಲಿ ಸವಿವರ ಉತ್ತರ ಸಲ್ಲಿಸುತ್ತೇನೆ.

ನಾನು ನಿವೃತ್ತಳಾಗುವವರೆಗೂ ಅವರು ತಿಳಿಸಲಿಲ್ಲ.